ಮದರಾಸಿನ ಸೊಳ್ಳೆಯೂ ನಮ್ಮವ್ವನ ಮಂಡಿನೋವೂ

ಚೆನ್ನೈಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ತಮಿಳು ಮಾತು "ವಣಕ್ಕಂ" ಅಲ್ಲ, "ತಣ್ಣಿ ವಂದಾಚು". ನೀರು ಬಂತು ಅಂತ ಅರ್ಥ. ಅದು 2003ನೇ ಇಸವಿ. ನಗರಕ್ಕೆ ನೀರು ಕೊಡುವ ಕೆರೆಗಳು ಬತ್ತುತ್ತಿದ್ದವು. ವೆಸ್ಟ್ ಮಾಂಬಲಂನ ನಮ್ಮ ಬೀದಿಗೆ ಮೆಟ್ರೋ ವಾಟರ್ ಲಾರಿ ಬಂತೆಂದರೆ ಹೆಂಗಸರು ಗಂಡಸರು ಮಕ್ಕಳು ಎನ್ನದೆ ಎಲ್ಲರೂ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದರು. ತಿಪಟೂರು ತಾಲ್ಲೂಕಿನ ಹಳ್ಳಿಯಿಂದ ಬಂದ ನನಗೆ ನೀರಿನ ಬರ ಹೊಸದೇನಲ್ಲ. ಆದರೆ ನಮ್ಮೂರಲ್ಲಿ ಬೋರ್‌ವೆಲ್ ಮುಂದೆ ಸಾಲು ನಿಲ್ಲುವಾಗ ಯಾರ ಮಗಳು ಯಾರ ಸೊಸೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ನಾನು ಯಾರೂ ಅಲ್ಲ. ಹಸಿರು ಕೊಡದವಳು, ಅಷ್ಟೆ.

ಸಿಕ್ಕ ನೀರನ್ನು ಬಿಡುವ ಹಾಗಿಲ್ಲವಲ್ಲ. ಅಡುಗೆಮನೆಯಲ್ಲಿ ಎಂಟು ಕೊಡ, ಬಚ್ಚಲಲ್ಲಿ ಒಂದು ನೀಲಿ ಡ್ರಮ್ಮು, ಬಾಲ್ಕನಿಯಲ್ಲಿ ಎರಡು ಬಕೆಟ್ಟು. ಎಲ್ಲವೂ ತುಂಬಿದ್ದರೆ ಮನಸ್ಸಿಗೆ ಏನೋ ಸಮಾಧಾನ. ಡ್ರಮ್ಮಿಗೆ ಮುಚ್ಚಳ ಇರಲಿಲ್ಲ. ಇವತ್ತು ತರೋಣ ನಾಳೆ ತರೋಣ ಅಂತ ವರ್ಷಗಳೇ ಕಳೆದವು. ನಾನು ಹೀಗೆ ಜೋಪಾನ ಮಾಡಿಟ್ಟ ಶುದ್ಧವಾದ ನೀರನ್ನು ನನ್ನಷ್ಟೇ ಆಸೆಯಿಂದ ಇನ್ನೊಂದು ಜೀವ ಹುಡುಕುತ್ತಿತ್ತು ಎನ್ನುವುದು ಆಗ ಹೊಳೆದಿರಲಿಲ್ಲ. ಸೊಳ್ಳೆ ಅಂದರೆ ಮೋರಿಯದ್ದು, ಕೂವಂ ನದಿಯದ್ದು, ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು ಅಂತಲೇ ನನ್ನ ತಿಳಿವಳಿಕೆ. ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ, ನಮ್ಮ ಮನೆಯೊಳಗಿನ ತಿಳಿನೀರಿನಲ್ಲೇ ಸಂಸಾರ ಮಾಡುತ್ತದೆ, ಪಾತ್ರೆಯ ಅಂಚಿಗೆ ಇಟ್ಟ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಕಾದು ಮತ್ತೆ ನೀರು ಕಂಡೊಡನೆ ಮರಿಯಾಗುತ್ತದೆ ಎಂಬುದನ್ನೆಲ್ಲ ನಾನು ಕಲಿತದ್ದು ಬಹಳ ತಡವಾಗಿ.

2006ರಲ್ಲಿ ಒಂದು ದಿನ ಬೆಳಿಗ್ಗೆ ಊರಿಂದ ಫೋನು ಬಂತು. ಅವ್ವನ ದನಿ ಎಲ್ಲಿಂದಲೋ ಬಂದ ಹಾಗಿತ್ತು.

"ಎದ್ದು ನಿಲ್ಲಕ್ಕಾಗಕಿಲ್ಲ ಕಣವ್ವ. ಕೈ ಬೆರಳು ಮಡಿಚಕ್ಕಾಗಕಿಲ್ಲ. ಊರಿಗ್ ಊರೇ ಮಲಗೈತೆ. ಹಾಲು ಕರಿಯೋರೂ ಗತಿ ಇಲ್ಲ."

ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬೃಂದಾವನ್ ಎಕ್ಸ್‌ಪ್ರೆಸ್ ಹತ್ತಿ ಹೊರಟೆ. ಊರು ಮುಟ್ಟಿದಾಗ ಕಂಡ ನೋಟ ಇನ್ನೂ ಕಣ್ಣಲ್ಲಿದೆ. ತೆಂಗಿನ ಮರ ಹತ್ತುತ್ತಿದ್ದ ಗಂಡಸರು ಗೋಡೆ ಹಿಡಿದು ನಡೆಯುತ್ತಿದ್ದರು. ನಮ್ಮವ್ವ ಮಂಡಿಗೆ ಹರಳೆಣ್ಣೆ ಹಚ್ಚಿಕೊಂಡು ಜಗಲಿ ಮೇಲೆ ಕೂತಿದ್ದಳು. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದವಳು ಆಗದೆ ಹಾಗೇ ಕೈ ಇಳಿಸಿದಳು. "ಚಿಕನ್ ಗುನ್ಯ" ಅಂತ ಹೆಸರು ಕೇಳಿ ಕೋಳಿಯಿಂದ ಬರುವ ಜ್ವರ ಇರಬೇಕೆಂದು ಊರವರು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಪಾಪ, ಕೋಳಿಗಳಿಗಾದರೂ ಒಳ್ಳೆಯದಾಯಿತು.

ಆ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. ಆಫ್ರಿಕಾದ ಈಗಿನ ಟಾಂಜಾನಿಯಾದಲ್ಲಿ 1952–53ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಚಿಕೂನ್‌ಗುನ್ಯ ಅಂದರೆ ಬಾಗಿಸುವಂಥದ್ದು, ಬಗ್ಗಿ ನಡೆಯುವ ಹಾಗೆ ಮಾಡುವಂಥದ್ದು ಅಂತ ಅರ್ಥವಂತೆ. ಯಾವುದೋ ದೂರದ ಊರಿನ ಜನ ತಮ್ಮ ನೋವಿಗೆ ಇಟ್ಟ ಹೆಸರು ನಮ್ಮವ್ವನ ಬೆನ್ನಿಗೆ ಎಷ್ಟು ಸರಿಯಾಗಿ ಹೊಂದುತ್ತಿತ್ತು! 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 13.9 ಲಕ್ಷ ಶಂಕಿತ ರೋಗಿಗಳ ಪೈಕಿ 7.5 ಲಕ್ಷ ಮಂದಿ ನಮ್ಮ ಕರ್ನಾಟಕದವರೇ. ದೇಶದಲ್ಲಿ ಅತಿ ಹೆಚ್ಚು ಬಾಗಿದ್ದು ನಾವೇ ಅನ್ನಬೇಕು.

ಅವ್ವನ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತ್ತು. ನೋವು ಮೂರು ವರ್ಷ ಬಿಡಲಿಲ್ಲ. "ಜ್ವರಾನೇ ಹೋದ್ ಮ್ಯಾಲೆ ನೋವ್ಯಾಕೆ ಇರ್ತದೆ?" ಅಂತ ಅವಳು ಕೇಳುತ್ತಿದ್ದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ವೈರಸ್ ರಕ್ತದಿಂದ ವಾರದೊಳಗೆ ಹೋಗಿಬಿಡುತ್ತದೆ. ಆದರೆ ಅದನ್ನು ಓಡಿಸಲು ಕೀಲುಗಳಿಗೆ ನುಗ್ಗಿದ ನಮ್ಮದೇ ರಕ್ಷಣೆಯ ಕಣಗಳು ಅಲ್ಲಿಂದ ಬೇಗ ಏಳುವುದಿಲ್ಲ. ಕೆಲವರ ಕೀಲಿನ ಪೊರೆಯಲ್ಲಿ ವೈರಸ್ಸಿನ ಚೂರುಪಾರು ತಿಂಗಳುಗಟ್ಟಲೆ ಉಳಿದಿರುವುದೂ ಕಂಡಿದೆ. ಅದನ್ನು ಕಂಡು ಕಣಗಳು ಯುದ್ಧ ಮುಗಿದಿಲ್ಲವೆಂದೇ ತಿಳಿದು ಉರಿಯೂತ ಎಬ್ಬಿಸುತ್ತಲೇ ಇರುತ್ತವೆ. ಊರಜಗಳ ಬಿಡಿಸಲು ಬಂದ ಪೊಲೀಸರು ಜಗಳ ಮುಗಿದ ಮೇಲೂ ಊರಲ್ಲೇ ಠಿಕಾಣಿ ಹೂಡಿದ ಹಾಗೆ.

ಚೆನ್ನೈಗೆ ವಾಪಸಾದ ಮೇಲೆ ನಮ್ಮ ಕೆಳಗಿನ ಮನೆಯ ಮಾಮಿಗೆ ಈ ವಿಷಯ ಹೇಳಿದೆ. ಚೆನ್ನೈಯಲ್ಲೂ ಆಗ ಆ ಜ್ವರ ಓಡಾಡುತ್ತಿತ್ತು. ಮಾಮಿ ನಕ್ಕು, "ನನಗೆ ಬರಲ್ಲಮ್ಮಾ, ನನ್ನದು ಆಗಿಹೋಗಿದೆ" ಅಂದರು. 1964ರಲ್ಲಿ ಅವರಿಗೆ ಹದಿನಾಲ್ಕು ವರ್ಷ, ತಿರುವಲ್ಲಿಕ್ಕೇಣಿಯಲ್ಲಿ ಮನೆ. ಆಗ ಮದರಾಸಿನ ಓಣಿ ಓಣಿಯಲ್ಲೂ ಜನ ಹೀಗೇ ಬಗ್ಗಿ ನಡೆದಿದ್ದರಂತೆ. ಅದು ನಿಜವೇ. 1963ರಲ್ಲಿ ಕಲ್ಕತ್ತ, ಮರುವರ್ಷ ಮದರಾಸು, ವೆಲ್ಲೂರು, ಪಾಂಡಿಚೇರಿ. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ. ಆಮೇಲೆ 32 ವರ್ಷ ಈ ರೋಗ ದೇಶದಲ್ಲಿ ದೊಡ್ಡದಾಗಿ ತಲೆ ಎತ್ತಲಿಲ್ಲ. ಮಾಮಿಯ ಮೈ ಮಾತ್ರ ಅದನ್ನು ಮರೆತಿರಲಿಲ್ಲ. 2006ರಲ್ಲಿ ಅವರ ಮಗ ಸೊಸೆ ಇಬ್ಬರೂ ಮಲಗಿದರು, ಮಾಮಿ ಓಡಾಡಿಕೊಂಡು ಅವರಿಗೆ ರಸ ಮಾಡಿ ಹಾಕಿದರು.

"ಒಂದು ಸಲ ಬಂದರೆ ಮತ್ತೆ ಬರಲ್ಲ." ಮಾಮಿಯ ಈ ಮಾತನ್ನು ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳಿಗೂ ಧೈರ್ಯ ಬಂತು. ಆ ಮಾತು ಚಿಕೂನ್‌ಗುನ್ಯಕ್ಕೆ ಸರಿಯಾಗಿಯೇ ಇತ್ತು. ಅದನ್ನು ಎಲ್ಲ ಸೊಳ್ಳೆ ಜ್ವರಕ್ಕೂ ಹೊಂದುವ ಗಾದೆಯ ಹಾಗೆ ನನ್ನ ಸೆರಗಿಗೆ ಕಟ್ಟಿಕೊಂಡಿದ್ದು ನನ್ನ ತಪ್ಪು.

2012ರಲ್ಲಿ ತಮಿಳುನಾಡಿನಲ್ಲಿ ಡೆಂಗಿ ಜೋರಾಗಿತ್ತು. ಹನ್ನೆರಡು ಸಾವಿರಕ್ಕೂ ಮೀರಿ ಪ್ರಕರಣ, 66 ಸಾವು ಅಂತ ಸರ್ಕಾರದ ಲೆಕ್ಕ. ನಮ್ಮ ಮಗಳಿಗೂ ಬಂತು. ಎಂಟು ವರ್ಷದ ಹುಡುಗಿ. ಐದು ದಿನ ಜ್ವರ, ಕಣ್ಣು ಗುಡ್ಡೆಯ ಹಿಂದೆ ನೋವು, ಆಮೇಲೆ ಮೈ ತುರಿಕೆ. ಆಸ್ಪತ್ರೆಗೆ ಸೇರಿಸುವಷ್ಟೇನೂ ಆಗಲಿಲ್ಲ. ಗಂಜಿ, ಎಳನೀರು, ಪ್ಯಾರಸಿಟಮಾಲ್ ಮಾತ್ರೆಯಲ್ಲೇ ಎದ್ದು ಕೂತಳು. ನಾನು ಬಡಪಳನಿ ಮುರುಗನ್ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆ. "ಒಂದು ಗಂಡಾಂತರ ಕಳೀತು, ಇನ್ನು ಬರಲ್ಲ ಬಿಡವ್ವಾ" ಅಂತ ಊರಿಗೆ ಫೋನು ಮಾಡಿ ಹೇಳಿದೆ.

ಅದಾಗಿ ಐದು ವರ್ಷ. 2017ರ ಅಕ್ಟೋಬರ್. ನಮ್ಮೂರಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಚೆನ್ನೈನಲ್ಲಿ ಮಳೆ ಶುರುವಾಗುತ್ತದೆ. ಇಲ್ಲಿನ ಮಳೆಗಾಲ ದೀಪಾವಳಿಯ ಜೊತೆಗೇ ಬರುವುದು. ಒಂದು ಶುಕ್ರವಾರ ರಾತ್ರಿ ಮಗಳಿಗೆ ಜ್ವರ ಕಾಣಿಸಿತು. ಮನೆಯವರು ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದರು. ಅಕ್ಕಪಕ್ಕದಲ್ಲೆಲ್ಲ ಡೆಂಗಿ ಮಾತು. "ನಮ್ಮವಳಿಗೆ ಅದಾಗಲೇ ಬಂದು ಹೋಗಿದೆ, ಇದು ಮಾಮೂಲಿ ಜ್ವರ" ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳಿದೆ. ಶನಿವಾರ, ಭಾನುವಾರ ಮನೆಯಲ್ಲೇ ಇಟ್ಟುಕೊಂಡೆ. ಸೋಮವಾರವೂ ಕಳೆಯಿತು. ಮಂಗಳವಾರ ಬೆಳಿಗ್ಗೆ ಮೈ ತಣ್ಣಗಿತ್ತು. ನೋಡಿದೆಯಾ, ಬಿಟ್ಟಿತು ಅಂತ ಸಂತೋಷಪಟ್ಟೆ.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದಳು. ಕುಡಿದದ್ದೆಲ್ಲ ವಾಂತಿ. ಕರೆದರೆ "ಊಂ" ಎನ್ನುವುದಕ್ಕೂ ತ್ರಾಣವಿಲ್ಲ. ರಸದ ಪಾತ್ರೆ ಹಿಡಿದು ಬಂದ ಮಾಮಿ ಅವಳ ಪಾದ ಮುಟ್ಟಿ ನೋಡಿ ಪಾತ್ರೆಯನ್ನು ಹಾಗೇ ನೆಲಕ್ಕಿಟ್ಟರು. "ಜ್ವರ ಬಿಟ್ಟ ಮೈಯಲ್ಲಮ್ಮಾ ಇದು. ಕಾಲು ಐಸ್ ಆಗಿದೆ. ಏಳು, ಆಟೋ ಕರೆಸು."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಡೆಂಗಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದ್ದು 38 ಸಾವಿರಕ್ಕೆ ಇಳಿದಿತ್ತು. ಡಾಕ್ಟರಮ್ಮನ ಮುಖ ಗಂಭೀರವಾಗಿದ್ದು ಆ ಸಂಖ್ಯೆಯನ್ನು ನೋಡಿ ಅಲ್ಲ, ಇನ್ನೊಂದನ್ನು ನೋಡಿ: ರಕ್ತ ಗಟ್ಟಿಯಾಗುತ್ತಿತ್ತು. ರಕ್ತನಾಳದೊಳಗಿನ ನೀರಿನಂಶ ಸೋರಿ ಹೊಟ್ಟೆಯಲ್ಲೂ ಎದೆಗೂಡಿನಲ್ಲೂ ತುಂಬಿಕೊಳ್ಳುತ್ತಿತ್ತು.

"ಆದರೆ ಇವಳಿಗೆ ಡೆಂಗಿ ಒಂದು ಸಲ ಬಂದು ಹೋಗಿದೆಯಲ್ಲ ಡಾಕ್ಟರ್?" ಅಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಬಂದು ಹೋಗಿರುವುದರಿಂದಲೇ ಇಷ್ಟು ಜೋರಾಗಿರಬಹುದು, ಅಮ್ಮಾ" ಅಂದರು.

ಆ ಮಾತು ನನ್ನ ಎದೆಗೆ ಇರಿಯಿತು. ಮುಂದಿನ ಮೂರು ದಿನದಲ್ಲಿ ಅವರು ಬಿಡುವಾದಾಗಲೆಲ್ಲ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದ್ದನ್ನೂ ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ನನ್ನ ಹಾಗೆ ತಿಳಿದವರು ನಮ್ಮ ಕಡೆಯೂ ಬೇಕಾದಷ್ಟು ಜನ ಇದ್ದಾರೆ.

ಸೊಳ್ಳೆ ಕಚ್ಚುವಾಗ ಎಂಜಲಿನ ಜೊತೆ ವೈರಸ್ಸನ್ನೂ ಚರ್ಮದೊಳಕ್ಕೆ ಬಿಡುತ್ತದೆ. ಅಲ್ಲಿ ಕಾವಲು ಕಾಯುವ ಕಣಗಳಿರುತ್ತವೆ. ಪರಕೀಯರು ಬಂದರೆ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಒಪ್ಪಿಸುವುದು ಅವುಗಳ ಕೆಲಸ. ಡೆಂಗಿಯ ಚಾಲಾಕಿ ಏನೆಂದರೆ, ಅದು ಆ ಕಾವಲಿನ ಕಣಗಳೊಳಗೇ ಸೇರಿಕೊಂಡು ಬೆಳೆಯುತ್ತದೆ. ಕಳ್ಳನನ್ನು ಠಾಣೆಗೆ ಒಯ್ಯುವ ಗಾಡಿಯೇ ಕಳ್ಳನ ಮನೆ. ವೈರಸ್ ಹೊಕ್ಕ ಕಣ ಅಕ್ಕಪಕ್ಕದವನ್ನು ಎಚ್ಚರಿಸಲು ಇಂಟರ್‌ಫೆರಾನ್ ಎಂಬ ರಸವನ್ನು ಬಿಡುತ್ತದೆ. ಡೆಂಗಿ ವೈರಸ್ಸಿನ ಹತ್ತಿರ ಆ ಎಚ್ಚರಿಕೆ ಕಣದೊಳಗೆ ಮುಟ್ಟದಂತೆ ತಡೆಯುವ ಪ್ರೋಟೀನೂ ಇದೆ. ಹೀಗೆ ಗಂಟೆಯ ಹಗ್ಗ ಕತ್ತರಿಸಿ ಒಂದೆರಡು ದಿನ ಮೊದಲೇ ಅದು ಸಾವಿರ ಲಕ್ಷವಾಗಿರುತ್ತದೆ. ಜ್ವರ, ಮೈಕೈ ನೋವು ಇವೆಲ್ಲ ಬಹುಪಾಲು ಆಮೇಲೆ ಎಚ್ಚೆತ್ತ ನಮ್ಮ ಮೈ ಎಬ್ಬಿಸಿದ ಗಲಾಟೆಯೇ.

ನಂತರ ಪ್ರತಿಕಾಯಗಳು ತಯಾರಾಗುತ್ತವೆ. ಇವು ವೈರಸ್ಸಿನ ಮೈಗೆ ಅಂಟಿಕೊಂಡು ಅದರ ಕೈಕಾಲು ಕಟ್ಟಿಹಾಕುತ್ತವೆ. ರೋಗ ವಾಸಿಯಾದ ಮೇಲೂ ಆ ವೈರಸ್ಸಿನ ಮುಖಚಹರೆಯ ನೆನಪು ರಕ್ತದಲ್ಲಿ ಉಳಿಯುತ್ತದೆ. ಮಾಮಿಯನ್ನು 42 ವರ್ಷದ ಮೇಲೆ ಕಾಪಾಡಿದ್ದು ಈ ನೆನಪೇ. ಆದರೆ ಡೆಂಗಿ ಒಂದಲ್ಲ, ನಾಲ್ಕು. ಒಂದನೆಯ ಬಗೆ ಬಂದರೆ ಆ ಬಗೆ ಮತ್ತೆ ಬಾರದ ಹಾಗೆ ದೀರ್ಘ ಕಾಲದ ರಕ್ಷಣೆ ಸಿಗುತ್ತದೆ. ಉಳಿದ ಮೂರರಿಂದ ಸಿಗುವ ರಕ್ಷಣೆ ಕೆಲವು ತಿಂಗಳಿನದು ಮಾತ್ರ. ಆಮೇಲೆ ಬೇರೆ ಬಗೆಯ ಡೆಂಗಿ ಬಂತೆನ್ನಿ. ಹಳೆಯ ಪ್ರತಿಕಾಯಗಳು ಇವನೇ ಆ ಹಳೆಯ ಕಳ್ಳ ಅಂದುಕೊಂಡು ಅಂಟಿಕೊಳ್ಳುತ್ತವೆ. ಅಣ್ಣತಮ್ಮಂದಿರ ಹಾಗೆ ಹೋಲಿಕೆ ಇದೆಯಲ್ಲ! ಹಿಡಿತ ಮಾತ್ರ ಸರಿಯಾಗಿ ಕೂರುವುದಿಲ್ಲ, ವೈರಸ್ ಸಾಯುವುದಿಲ್ಲ. ಇತ್ತ ನಮ್ಮ ಬಿಳಿ ರಕ್ತಕಣಗಳ ಮೈಮೇಲೆ ಪ್ರತಿಕಾಯದ ಬಾಲ ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳಿವೆ. ಪ್ರತಿಕಾಯ ಅಂಟಿದ ಜೀವಂತ ವೈರಸ್ಸನ್ನು ಅವು ನಂಬಿಕೆಯಿಂದ ಬಾಗಿಲು ತೆರೆದು ಒಳಗೆ ಕರೆದುಕೊಳ್ಳುತ್ತವೆ. ಗುರುತಿನ ಚೀಟಿ ತೋರಿಸಿ ಒಳಬಂದ ಹಾಗೆ ವೈರಸ್ ಮೊದಲಿಗಿಂತ ಹೆಚ್ಚು ಕಣಗಳನ್ನು ಹೊಕ್ಕು ಹೆಚ್ಚು ಬೆಳೆಯುತ್ತದೆ. ಅದನ್ನು ಹೊಡೆಯಲು ಮೈ ಇನ್ನೂ ಜೋರು ಗಲಾಟೆ ಮಾಡುತ್ತದೆ. ಈ ಗಲಾಟೆಗೆ ವೈರಸ್ ಬಿಡುವ ಇನ್ನೊಂದು ಪ್ರೋಟೀನೂ ಸೇರಿ ರಕ್ತನಾಳದ ಒಳಪದರ ಸಡಿಲವಾಗುತ್ತದೆ. ಸೋರಿಕೆ ಶುರುವಾಗುವುದು ಆಗಲೇ. ಅದು ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿನಲ್ಲಿ, ಅಂದರೆ ನನ್ನಂಥ ತಾಯಂದಿರು ಸಂತೋಷಪಡುವ ಹೊತ್ತಿನಲ್ಲಿ.

ಇದನ್ನು ಕಂಡುಕೊಂಡದ್ದು ಮಕ್ಕಳ ವಾರ್ಡಿನಿಂದಲೇ. 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿದ್ದ ಸ್ಕಾಟ್ ಹಾಲ್‌ಸ್ಟೆಡ್ ಎಂಬ ಅಮೆರಿಕದ ವೈದ್ಯರು ತೀವ್ರ ಡೆಂಗಿಯ ಮಕ್ಕಳಲ್ಲಿ ಎರಡು ಗುಂಪು ನೋಡಿದರು. ಒಂದು, ಎರಡನೆಯ ಸಲ ಡೆಂಗಿ ಬಂದವರು. ಇನ್ನೊಂದು, ಮೊದಲ ಸಲವೇ ಬಂದರೂ ತೀವ್ರವಾದ, ಒಂದು ವರ್ಷ ತುಂಬದ ಕೂಸುಗಳು. ಆ ಕೂಸುಗಳಿಗೆ ಹಳೆಯ ಪ್ರತಿಕಾಯ ಎಲ್ಲಿಂದ ಬಂತು? ತಾಯಿಯಿಂದ. ಹೊಟ್ಟೆಯಲ್ಲಿದ್ದಾಗ ತಾಯಿ ಕೊಟ್ಟು ಕಳಿಸಿದ ರಕ್ಷಣೆ ಮೊದಲ ತಿಂಗಳುಗಳಲ್ಲಿ ಕಾಯುತ್ತದೆ. ಅದು ಕರಗುತ್ತಾ ಅರೆಬರೆಯಾದಾಗ ಅದೇ ವೈರಸ್ಸಿಗೆ ದಾರಿಯಾಗುತ್ತದೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆಯ ಡೆಂಗಿ ಬಂದು ಹೋಯಿತು. 1981ರಲ್ಲಿ ಎರಡನೆಯ ಬಗೆ ಬಂದಾಗ 158 ಮಂದಿ ಸತ್ತರು, ಅವರಲ್ಲಿ ನೂರೊಂದು ಮಕ್ಕಳು.

ಹಾಗಂತ ಎರಡನೆಯ ಸಲ ಬಂದವರಿಗೆಲ್ಲ ಹೀಗಾಗುತ್ತದೆ ಅಂತಲ್ಲ. ಬಹುಪಾಲು ಜನ ಎರಡನೆಯ ಡೆಂಗಿಯಿಂದಲೂ ಮನೆಯಲ್ಲೇ ಎದ್ದು ಕೂರುತ್ತಾರೆ. ಎಷ್ಟೋ ಜನಕ್ಕೆ ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಹೀಗೆ. ಆ ಕೆಲವರಲ್ಲಿ ನಮ್ಮ ಮಗು ಬಿದ್ದಿದ್ದಳು.

ಬುಧವಾರ ಬೆಳಗಿನ ಚೆನ್ನೈ ಮೇಲ್‌ನಲ್ಲಿ ಅವ್ವ ಬಂದಿಳಿದಳು. ಜನ್ಮದಲ್ಲಿ ಒಬ್ಬಳೇ ಬೆಂಗಳೂರು ದಾಟಿದವಳಲ್ಲ. ಮಂಡಿ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದು ಮೊಮ್ಮಗಳ ಹಣೆ ಸವರಿ ನನ್ನ ಕಡೆ ತಿರುಗಿದಳು. "ಒಂದ್ ಸಲ ಬಂದ್ರೆ ಬರಕಿಲ್ಲ ಅಂದಿದ್ದಲ್ಲವ್ವ ನೀನು" ಅಂದಳು. ದೂರು ಹೇಳುವ ದನಿಯಲ್ಲ, ಸುಮ್ಮನೆ ಕೇಳಿದಳು. ನನಗೆ ತಡೆಯಲಾಗದೆ ಕಾರಿಡಾರಿಗೆ ಹೋಗಿ ಅತ್ತೆ. ಮೂರು ದಿನ. ಶನಿವಾರವೇ ಕರೆತಂದಿದ್ದರೆ ದಿನಾ ರಕ್ತ ನೋಡುತ್ತಿದ್ದರು, ಜ್ವರ ಇಳಿಯುವ ಹೊತ್ತಿಗೆ ಇವಳು ಕಣ್ಣೆದುರು ಇರುತ್ತಿದ್ದಳು. ಡೆಂಗಿಯನ್ನೇ ಹೊಡೆಯುವ ಔಷಧಿ ಯಾವುದೂ ಇಲ್ಲ. ಇರುವ ಚಿಕಿತ್ಸೆ ಎಂದರೆ ಸೋರಿದಷ್ಟು ದ್ರವವನ್ನು ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ತುಂಬುತ್ತಾ ಸೋರಿಕೆ ನಿಲ್ಲುವತನಕ ಕಾಯುವುದು. ಅದಕ್ಕೆ ಬೇಕಾದ್ದು ಹೊತ್ತು, ಆ ಹೊತ್ತನ್ನೇ ನಾನು ಕಳೆದಿದ್ದೆ.

ಮಧ್ಯಾಹ್ನ ಮಾಮಿ ಫ್ಲಾಸ್ಕಿನಲ್ಲಿ ಕಹಿ ಕಷಾಯ ತಂದರು. ಇಲ್ಲಿ ಡೆಂಗಿ ಕಾಲದಲ್ಲಿ ಸರ್ಕಾರದವರೇ ಅದನ್ನು ಹಂಚುತ್ತಾರೆ. "ನಿಲವೇಂಬು ಕುಡಿನೀರ್" ಅಂದರು. ಅವ್ವ ಮೂಸಿ ನೋಡಿ, "ಅಯ್ಯೋ, ನೆಲಬೇವು ಕಣೇ ಇದು! ನಮ್ಮ ಹೊಲದ ಬದುವಿನಲ್ಲಿ ಬೇಕಾದಷ್ಟೈತೆ" ಅಂದಳು. ಒಬ್ಬರಿಗೆ ತಮಿಳು ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ನಿಲವೇಂಬು, ನೆಲಬೇವು ಅಂತ ಒಂದೇ ಗಿಡದ ಹೆಸರನ್ನು ಇಬ್ಬರೂ ನಾಲ್ಕು ಸಲ ಹೇಳಿಕೊಂಡು ತಲೆ ಆಡಿಸಿದರು. ಆಮೇಲೆ ಇಬ್ಬರೂ ಅಕ್ಕಪಕ್ಕ ಕೂತು ತಮ್ಮ ತಮ್ಮ ಭಾಷೆಯಲ್ಲಿ ಮಂಡಿನೋವಿನ ಕಥೆ ಹೇಳಿಕೊಂಡರು. ಒಬ್ಬರದು 1964ರ ಕಥೆ, ಇನ್ನೊಬ್ಬರದು 2006ರದು. ಡಾಕ್ಟರಮ್ಮ ಕಷಾಯ ನೋಡಿ, ವಾಂತಿ ಇರುವಾಗ ಬೇಡ, ಇದರಿಂದ ಸೋರಿಕೆ ನಿಲ್ಲುತ್ತದೆ ಅಂತಲೂ ನಂಬಬೇಡಿ ಅಂದರು. ಮೈಕೈ ನೋವಿಗೆ ಅಂತ ಆಸ್ಪಿರಿನ್, ಬ್ರೂಫಿನ್ ಜಾತಿಯ ಮಾತ್ರೆ ಮಾತ್ರ ಮುಟ್ಟಬಾರದು, ಅವು ರಕ್ತಸ್ರಾವ ಹೆಚ್ಚಿಸುತ್ತವೆ ಎಂದು ಖಡಾಖಂಡಿತವಾಗಿ ಹೇಳಿದರು.

ಗುರುವಾರ ರಾತ್ರಿ ಸೋರಿಕೆ ನಿಂತಿತು. ಸೋರಿದ ದ್ರವ ಹಿಂದಕ್ಕೆ ಬರತೊಡಗಿದಾಗ ಡ್ರಿಪ್ಸ್ ಕಡಿಮೆ ಮಾಡಿದರು. ಇಲ್ಲದಿದ್ದರೆ ಆ ನೀರೇ ಶ್ವಾಸಕೋಶಕ್ಕೆ ಭಾರವಾಗುತ್ತದಂತೆ. ಶುಕ್ರವಾರ ಪ್ಲೇಟ್‌ಲೆಟ್ ತಾನಾಗಿಯೇ ಏರಿತು. ಪುಣೆಯಿಂದ ಬಂದ ಅಪ್ಪನ ಕೈ ಹಿಡಿದು ಕೂತು ಮಗಳು ಮೊದಲು ಕೇಳಿದ್ದು ಮೊಸರನ್ನ. ಕಾಲಿನ ತುಂಬ ಕೆಂಪು, ನಡುನಡುವೆ ಬಿಳಿ ಚುಕ್ಕೆ. ವಾಸಿಯಾಗುವ ಗುರುತು ಅಂದರು ಡಾಕ್ಟರಮ್ಮ. ಅವ್ವ ಆ ಕಾಲನ್ನು ಮಡಿಲಿನಲ್ಲಿ ಇಟ್ಟುಕೊಂಡು ತೆಂಗಿನೆಣ್ಣೆ ಸವರುತ್ತಾ ಕೂತಳು. ಈ ಸಲ ಅವಳ ಬೆರಳು ಮಡಿಚುತ್ತಿದ್ದವು.

ಮನೆಗೆ ಬಂದ ಮರುದಿನ ಕಾರ್ಪೊರೇಷನ್ನಿನ ಹುಡುಗಿಯೊಬ್ಬಳು ಟಾರ್ಚ್ ಹಿಡಿದು ಬಂದಳು. ಕೊಡ ನೋಡಿದಳು, ಡ್ರಮ್ ನೋಡಿದಳು. ಅಷ್ಟರಲ್ಲಿ ಡ್ರಮ್ಮಿಗೆ ಮುಚ್ಚಳ ಬಂದಿತ್ತು. ನಾನು ಎದುರು ಮನೆಯ ಟ್ಯಾಂಕಿನ ಕಡೆ ಕೈ ತೋರಿಸಿ ದೂರು ಹೇಳುತ್ತಿದ್ದೆ. ಅವಳು ಮಗಳ ಓದುವ ಮೇಜಿನ ಮೇಲಿದ್ದ ಮನಿಪ್ಲಾಂಟ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ನೀರಿನಲ್ಲಿ ಸಣ್ಣ ಹುಳಗಳು ಕುಣಿಯುತ್ತಿದ್ದವು. ಆ ಗಿಡವನ್ನು ನಾನೇ ಊರಿಂದ ತಂದು, ಅವ್ವನ ಮನೆಯ ಬಳ್ಳಿ ಅಂತ ಅಕ್ಕರೆಯಿಂದ ಬೆಳೆಸಿದ್ದು. ಮಗಳನ್ನು ಕಚ್ಚಿದ್ದು ಆ ಬಾಟಲಿಯ ಸೊಳ್ಳೆಯೇ ಅಂತ ಹೇಳಲಾಗದು. ಅಲ್ಲ ಅಂತಲೂ ನಾನು ಹೇಳಲಾರೆ. 1883ರಷ್ಟು ಹಿಂದೆಯೇ ಬೆಂಗಳೂರಿನ ದಂಡಿನಲ್ಲಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಹತ್ತಿರದ ನೀರಿನ ತೊಟ್ಟಿಯಲ್ಲಿ ಮರಿಸೊಳ್ಳೆ ನೋಡಿ, ತೊಟ್ಟಿ ಬರಿದು ಮಾಡಿದರೆ ಸೊಳ್ಳೆ ಹೋಗುತ್ತದೆಂದು ಕಂಡುಕೊಂಡಿದ್ದನಂತೆ. ನೂರಮೂವತ್ತನಾಲ್ಕು ವರ್ಷವಾದರೂ ನನಗೆ ಅಷ್ಟು ತಿಳಿದಿರಲಿಲ್ಲ.

ಆ ನವೆಂಬರಿನಲ್ಲೇ ಫಿಲಿಪ್ಪೀನ್ಸಿನ ಸುದ್ದಿ ಬಂತು. ಅಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಹಾಕಿದ್ದರು. ಮೊದಲು ಡೆಂಗಿ ಬಂದೇ ಇರದ ಮಕ್ಕಳಿಗೆ ಆ ಲಸಿಕೆ ಹಾಕಿದರೆ, ಆಮೇಲೆ ನಿಜವಾದ ಡೆಂಗಿ ಬಂದಾಗ ತೀವ್ರವಾಗುವ ಅಪಾಯ ಹೆಚ್ಚು ಎಂದು ತಯಾರಕರೇ ಹೇಳಿದರು. ಲಸಿಕೆ ಮೈಗೆ ಕಲಿಸಿದ ಅರೆಬರೆ ನೆನಪು ಮೊದಲ ಡೆಂಗಿಯ ಹಾಗೇ ಆಗಿಬಿಟ್ಟಿತ್ತು. ಓದಿ ಆ ತಾಯಂದಿರನ್ನು ನೆನೆದೆ. ನಾಲ್ಕೂ ಬಗೆಗೆ ಒಂದೇ ಸಲ ಸರಿಯಾದ ನೆನಪು ಮೂಡಿಸುವ ಲಸಿಕೆಗೆ ಪ್ರಯತ್ನ ನಿಂತಿಲ್ಲ. ನಮ್ಮ ದೇಶದಲ್ಲೂ ಒಂದೇ ಡೋಸಿನ ಅಂಥ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟಿನಲ್ಲಿ ಆರಂಭವಾಯಿತು.

ಚೆನ್ನೈಯಲ್ಲಿ 2011ರಲ್ಲಿ ಸಂಶೋಧಕರು ಐವತ್ತು ಕಡೆ ಸಾವಿರದಷ್ಟು ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 93 ಮಂದಿಯಲ್ಲಿ ಹಿಂದೆ ಡೆಂಗಿ ತಗುಲಿದ್ದ ಗುರುತಿತ್ತು. ತನಗೆ ಡೆಂಗಿ ಬಂದಿತ್ತು ಎಂದು ತಿಳಿದಿದ್ದವರು ಮಾತ್ರ ತೀರಾ ಕಡಿಮೆ. ಇದನ್ನು ಓದಿದ ದಿನ ಮೈ ಜುಂ ಅಂದಿತು. 2003ರಲ್ಲಿ ಹಸಿರು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ನನ್ನ ಹಿಂದುಮುಂದಿನವರ ರಕ್ತದಲ್ಲಿ ಈ ಊರಿನ ಸೊಳ್ಳೆಗಳ ಇತಿಹಾಸವೇ ಇತ್ತು, ನಾನೊಬ್ಬಳೇ ಏನೂ ತಿಳಿಯದವಳು. ಇಪ್ಪತ್ತು ವರ್ಷ ಇಲ್ಲಿನ ನೀರು ಕುಡಿದು, ಇಲ್ಲಿನ ಸೊಳ್ಳೆಗೆ ಮೈಯೊಡ್ಡಿ, ಈಗ ಬಹುಶಃ ನಾನೂ ಆ 93ರಲ್ಲಿ ಒಬ್ಬಳು. ರೇಷನ್ ಕಾರ್ಡಿಗಿಂತ ಇದು ಗಟ್ಟಿ ದಾಖಲೆ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಾರೆ.

ಮಗಳು ಬೆಂಗಳೂರಿನ ಕಾಲೇಜಿಗೆ ಸೇರಿದಳು. ನಾನು ಬಿಟ್ಟು ಬಂದ ರಾಜ್ಯಕ್ಕೆ ಅವಳು ಹೊರಗಿನವಳಾಗಿ ಹೋದಳು. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಎಷ್ಟು ಏರಿತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಆ ದಿನಗಳಲ್ಲಿ ನನಗೆ ನಿದ್ದೆ ಇಲ್ಲ. ಅವಳಿಗೆ ಎರಡು ಬಗೆ ಆಗಿದೆ, ಮೂರನೆಯ ನಾಲ್ಕನೆಯ ಸಲ ತೀವ್ರವಾಗುವುದು ಅಪರೂಪ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೂ ದಿನಾ ಫೋನು ಮಾಡುತ್ತಿದ್ದೆ. "ಜ್ವರ ಬಂದರೆ ಮೊದಲ ದಿನವೇ ಹೋಗಿ ತೋರಿಸು. ಬಿಟ್ಟ ಮೇಲೆ ಎರಡು ದಿನ ಇನ್ನೂ ಹುಷಾರಾಗಿರು. ಕೂಲರ್ ತಟ್ಟೆ ನೀರು ಚೆಲ್ಲಿದ್ಯಾ? ಕುಂಡದ ಕೆಳಗಿನ ತಟ್ಟೆ?"

"ಚೆಲ್ದೆ ಅಮ್ಮಾ. ಚೆಲ್ಲಿ, ಉಜ್ಜಿ, ಕವುಚಿ ಹಾಕ್ದೆ. ಮೊಟ್ಟೆ ಅಂಚಲ್ಲಿರತ್ತೆ ಅಂತ ನೀನೇ ಹೇಳಿದ್ಯಲ್ಲ."

ಆ ಕಡೆ ಊರಿಂದ ಅವ್ವನೂ ಫೋನು ಮಾಡುತ್ತಾಳೆ. ಮಂಡಿನೋವು ಈಗಲೂ ಇದೆ. ಅದು ಜ್ವರದ್ದೋ ವಯಸ್ಸಿನದ್ದೋ ಯಾವ ಡಾಕ್ಟರೂ ಬೇರೆ ಮಾಡಿ ಹೇಳಲಾರರು. ಮೊನ್ನೆ ಕೇಳಿದಳು: "ಚಿಕನ್ ಗುನ್ಯ ನನಗಿನ್ನು ಬರಕಿಲ್ಲ ಅನ್ನೋದಾದ್ರೂ ದಿಟವೇನವ್ವ?"

"ಅದು ದಿಟ ಕಣವ್ವ" ಅಂದೆ. "ಆದ್ರೂ ತೊಟ್ಟಿ ನೀರು ವಾರಕ್ಕೊಂದ್ ಸಲ ಚೆಲ್ಲಿ ಉಜ್ಜು."